ಏಳನೇ ಅಡಿಟಿಪ್ಪಣಿ

ಅಂಕಿಅಂಶ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ‘ಅಡಿಟಿಪ್ಪಣಿ ಅಕ್ಕ’. ಯಾವ ಪಟ್ಟಿ ತಯಾರಿಸಿದರೂ ಕೆಳಗೊಂದು ಸಣ್ಣಕ್ಷರದ ಟಿಪ್ಪಣಿ ಅಂಟಿಸದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ವರ್ಷಕ್ಕೊಮ್ಮೆ ನಲವತ್ತು ದೇಶಗಳು ಒಂದೇ ನಮೂನೆ ತುಂಬಿ ಒಂದು ಅಂತಾರಾಷ್ಟ್ರೀಯ ಸಂಸ್ಥೆಗೆ ಕಳುಹಿಸುತ್ತಿದ್ದವು. ಕಾಲೇಜು ಓದುವ ಒಬ್ಬೊಬ್ಬ ವಿದ್ಯಾರ್ಥಿಗೆ ಸರ್ಕಾರ ಎಷ್ಟು ಖರ್ಚು ಮಾಡುತ್ತದೆ? ಈ ತಲಾ ವೆಚ್ಚದಲ್ಲಿ ಯಾವ ದೇಶ ಮೇಲೆ, ಯಾವುದು ಕೆಳಗೆ ಎಂಬ ಪಟ್ಟಿ ಆಮೇಲೆ ಬರುತ್ತಿತ್ತು. ಇಲ್ಲಿಯ ನಮೂನೆ ತುಂಬುವುದು ಅಕ್ಕನ ಪಾಲಿನ ಕೆಲಸ.

ಈ ಸಲ ಭಾಗಾಕಾರ ಮಾಡಿದವಳು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಮಾಡಿದಳು. ಒಟ್ಟು ಖರ್ಚು ಬಿಡಿಗಾಸೂ ಹೆಚ್ಚಿರಲಿಲ್ಲ, ತಲಾ ವೆಚ್ಚ ಮಾತ್ರ ಜಿಗಿದಿತ್ತು. ಜಿಗಿಯದೆ ಏನು ಮಾಡೀತು? ಸರ್ಕಾರ ಸಂಜೆ ಕಾಲೇಜುಗಳಿಗೆಲ್ಲ ಬೀಗ ಜಡಿದು, ಉಳಿದ ದುಡ್ಡಿನಲ್ಲಿ ಹಗಲು ಕಾಲೇಜುಗಳಿಗೆ ಚೆಂದದ ಕಾಂಪೌಂಡು ಕಟ್ಟಿಸಿತ್ತು. ತಲೆ ಕಡಿಮೆಯಾದರೆ ತಲಾ ವೆಚ್ಚ ತಾನಾಗಿಯೇ ಏರುತ್ತದೆ. ಆ ಕಡಿಮೆಯಾದ ತಲೆಗಳಲ್ಲೊಂದು ಅವಳ ಮಗಳದು. ಹಗಲು ಔಷಧಿ ಅಂಗಡಿಯಲ್ಲಿ ದುಡಿದು ಸಂಜೆ ಓದುತ್ತಿದ್ದ ಹುಡುಗಿಗೆ ಇನ್ನೊಂದೇ ವರ್ಷ ಬಾಕಿಯಿತ್ತು. ಕಾಲೇಜು ಮತ್ತೆ ತೆರೆಯಿರಿ ಎಂದು ಗೆಳತಿಯರೊಂದಿಗೆ ಮಂತ್ರಿಗಳಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದಳು.

ಅಕ್ಕ ಏಳನೇ ಅಡಿಟಿಪ್ಪಣಿ ಬರೆದಳು: ‘ಸಂಜೆ ಕಾಲೇಜುಗಳನ್ನು ಮುಚ್ಚಿದ್ದರಿಂದ ವಿದ್ಯಾರ್ಥಿಗಳ ಸಂಖ್ಯೆ ಇಳಿದಿದೆ. ಏರಿಕೆಗೆ ಅದೊಂದೇ ಕಾರಣ.’

“ಇದೊಂದು ಯಾಕ್ರೀ ಬೇಕಿತ್ತು?” ಎಂದ ಮೇಲಧಿಕಾರಿ.

“ಇಲ್ದಿದ್ರೆ ಲೆಕ್ಕ ಸುಳ್ಳು ಹೇಳತ್ತೆ ಸಾರ್.”

“ಇರ್ಲಿ ಬಿಡಿ. ಕೆಳಗಿಂದು ಯಾರು ಓದ್ತಾರೆ!” ಎಂದು ನಗುತ್ತಲೇ ಸಹಿ ಹಾಕಿದ.

ಜಗಳಕ್ಕೆ ಸಿದ್ಧಳಾಗಿ ಬಂದಿದ್ದ ಅಕ್ಕನಿಗೆ ಅವನು ಇಷ್ಟು ಸಲೀಸಾಗಿ ಒಪ್ಪಿದ್ದೇ ಭಯ ಹುಟ್ಟಿಸಿತು.

ಪಟ್ಟಿ ಬಂತು. ದೇಶ ಒಂಬತ್ತು ಸ್ಥಾನ ಮೇಲೇರಿತ್ತು. ಅಕ್ಕನ ಟಿಪ್ಪಣಿಯೂ ಅದೇ ಏಳನೇ ಸಂಖ್ಯೆ ಹೊತ್ತು ಪಟ್ಟಿಯ ಕೆಳಗೆ ಅಚ್ಚಾಗಿತ್ತು. ಕಚೇರಿಯಲ್ಲಿ ಕೇಕ್ ಕತ್ತರಿಸಿದರು, ಲೆಕ್ಕ ಮಾಡಿದವಳೆಂದು ಅಕ್ಕನಿಗೇ ದೊಡ್ಡ ತುಂಡು ಕೊಟ್ಟರು. ಅವಳು ಅದನ್ನು ಪಕ್ಕದ ಮೇಜಿನವರ ತಟ್ಟೆಗೆ ದಾಟಿಸಿದಳು.

ಹದಿನೈದು ದಿನಕ್ಕೆ ಮಗಳ ಅರ್ಜಿಗೆ ಉತ್ತರವೂ ಬಂತು. ‘ಪ್ರತಿ ವಿದ್ಯಾರ್ಥಿಗೆ ಮಾಡುವ ವೆಚ್ಚದಲ್ಲಿ ನಾವು ಒಂಬತ್ತು ಸ್ಥಾನ ಮುಂದಿದ್ದೇವೆ. ಪಟ್ಟಿ ಲಗತ್ತಿಸಿದೆ. ಸಂಜೆ ಕಾಲೇಜುಗಳ ಅಗತ್ಯ ಕಂಡುಬರುವುದಿಲ್ಲ.’

ಅಕ್ಕ ಆತುರಾತುರವಾಗಿ ಲಗತ್ತಿನ ಹಾಳೆ ತಿರುವಿದಳು. ನಕಲು ತೆಗೆದವರು ಪಟ್ಟಿ ಮುಗಿದಲ್ಲಿಗೇ ಹಾಳೆ ಕತ್ತರಿಸಿದ್ದರು. ಟಿಪ್ಪಣಿಗಳು ಒಂದೂ ಇರಲಿಲ್ಲ. ಮಗಳು ಹೆಗಲ ಮೇಲಿಂದ ಬಗ್ಗಿ, ತಮ್ಮ ದೇಶದ ಸಾಲಿನ ಮೇಲೆ ಬೆರಳಿಟ್ಟಳು.

“ಅಮ್ಮಾ, ಇಲ್ಲಿ ಮೂಲೇಲಿ ಪುಟ್ಟದಾಗಿ ಏಳು ಅಂತಿದ್ಯಲ್ಲ, ಏನದು?”

ಅಕ್ಕನ ಕಣ್ಣು ತುಂಬಿ ಬಂತು.

“ಅದು ನೀನೇ ಕಣೇ,” ಎಂದಳು.

ಮಗಳಿಗೆ ತಲೆಬುಡ ತಿಳಿಯಲಿಲ್ಲ. ಅಂಗಡಿಗೆ ಹೊತ್ತಾಗಿತ್ತು, ಚಪ್ಪಲಿ ಮೆಟ್ಟಿಕೊಂಡು ಹೊರಟಳು.