ಕೈ ತೊಳೆದ ನೀರಿನ ಬಾಳೆ

ಅಮೃತೂರಿನ ಹತ್ತಿರದ ಒಂದು ಸರ್ಕಾರಿ ಶಾಲೆ. ಬಿಸಿಯೂಟ ಮುಗಿಯಿತೆಂದರೆ ಕೈ ತೊಳೆದ ನೀರು, ತಟ್ಟೆ ತೊಳೆದ ನೀರು ಎಲ್ಲ ಅಡುಗೆಮನೆಯ ಹಿಂದೆ ಹೋಗಿ ನಿಲ್ಲುತ್ತಿತ್ತು. ನಾತ, ನೊಣ. ತಪ್ಪು ಆಕೆಯದೇ ಎಂಬಂತೆ ಬಂದವರೆಲ್ಲ ನೋಡುತ್ತಿದ್ದುದು ಅಡುಗೆಯ ಸಿದ್ದಲಕ್ಷ್ಮಮ್ಮನ ಮುಖವನ್ನು. ಹನ್ನೆರಡು ವರ್ಷದಿಂದ ಆಕೆ ತಲೆ ಬಗ್ಗಿಸಿ ಸಾರು ತಿರುವುತ್ತಿದ್ದಳು.

ಅದೇ ಶಾಲೆಯಲ್ಲಿ ಓದುವ ಮೊಮ್ಮಗಳು ಬಿಂದುಶ್ರೀ ವಾಂತಿಭೇದಿ ಹಿಡಿದು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಮನೆಗೆ ಬಂದ ಮೇಲೆ ಸೊಸೆ ಶಿಲ್ಪಾ ಹೇಳಿದಳು: "ಇನ್ಮೇಲೆ ಮಗೀಗೆ ಬಾಕ್ಸ್ ಕಟ್ತೀನಿ ಅತ್ತೆ. ನಿಮ್ ಕೈ ಅಡುಗೆ ಬಗ್ಗೆ ಅಲ್ಲ, ಆ ನೊಣ ನೆನೆಸ್ಕೊಂಡ್ರೆ ಭಯ."

ಊರ ಮಕ್ಕಳಿಗೆಲ್ಲ ಬಡಿಸುವವಳ ಪಂಕ್ತಿಯಲ್ಲಿ ತನ್ನ ಮೊಮ್ಮಗಳೇ ಇಲ್ಲ. ಸಿದ್ದಲಕ್ಷ್ಮಮ್ಮನಿಗೆ ಅಂದಿನಿಂದ ಅನ್ನ ಸೇರಲಿಲ್ಲ.

ಆಗಲೇ ಶಾಲೆಗೆ ಹೊಸ ಟೀಚರಾಗಿ ನೇತ್ರಾವತಿ ಮೇಡಂ ಬಂದರು. ನಿಂತ ನೀರನ್ನು ನೋಡಿ ಹೇಳಿದರು: "ಸಿದ್ದಲಕ್ಷ್ಮಮ್ಮಾರೆ, ಈ ನೀರನ್ನ ಬಾಳೆಗೆ ಬಿಡೋಣ. ಗುಂಡಿ ತೋಡಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಇದ್ದಿಲು, ಮರಳು ಹಾಕೋಣ. ಸೋಸ್ಕೊಂಡು ಹೋಗ್ತದೆ."

"ಮುಸುರೆ ನೀರಲ್ಲಿ ಬೆಳೆದಿದ್ದನ್ನ ಮಕ್ಕಳ ತಟ್ಟೆಗೆ ಹಾಕದಾ? ನಾನಂತೂ ಒಲ್ಲೆ ಬುಡಿ ಮೇಡಂ."

"ಸೊಪ್ಪು ಬೇಡ. ಬಾಳೆ, ನುಗ್ಗೆ ಸಾಕು. ನೀರು ಬೇರಿಗೆ ಹೋಗ್ತದೆ, ಮೇಲಿನ ಕಾಯಿಗೆ ಮುಟ್ಟಲ್ಲ. ನಿಮ್ ಹಿತ್ತಿಲ ಬಾಳೆಗೆ ಯಾವ ನೀರು ಬಿಡ್ತೀರ?"

"ಬಚ್ಚಲು ನೀರು" ಎಂದವಳೇ ಸಿದ್ದಲಕ್ಷ್ಮಮ್ಮ ನಕ್ಕುಬಿಟ್ಟಳು.

ಗುಂಡಿಯಾಯಿತು, ಬಾಳೆ ನೆಟ್ಟದ್ದೂ ಆಯಿತು. ಹದಿನೈದೇ ದಿನಕ್ಕೆ ನೀರು ಮತ್ತೆ ನಿಂತಿತು. "ನಾನ್ ಹೇಳ್ಲಿಲ್ವಾ" ಎನ್ನಲು ಹೊರಟವಳು ಗುಂಡಿಗೆ ಬಗ್ಗಿ ನೋಡಿದಳು. ಮರಳಿನ ಮೇಲೆಲ್ಲ ಅನ್ನದ ಅಗುಳು, ಕರಿಬೇವು. ಪಾತ್ರೆಯ ತಳದ ಅನ್ನಸಾರನ್ನು ರೂಢಿಯಂತೆ ಗುಂಡಿಗೆ ಹೋಗುವ ಚರಂಡಿಗೆ ಸುರಿಯುತ್ತಿದ್ದವಳು ತಾನೇ.

ಮೇಡಂ ಬೈಯಲಿಲ್ಲ. "ಇದನ್ನ ತಡೆಯೋಕೆ ಏನ್ಮಾಡೋಣ? ನೀವೇ ಹೇಳಿ" ಎಂದರು. ಅಡುಗೆ ಆಯಿತಾ ಎಂಬುದರ ಹೊರತು ಆ ಶಾಲೆಯಲ್ಲಿ ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ಮರುದಿನ ಅವಳು ತೆಂಗಿನ ಗರಿಯ ಬುಡದಲ್ಲಿ ಬಟ್ಟೆಯಂತೆ ಹೆಣೆದುಕೊಂಡಿರುವ ನಾರನ್ನು ತಂದು ಚರಂಡಿಯ ಬಾಯಿಗೆ ಕಟ್ಟಿದಳು. ಅಗುಳೆಲ್ಲ ಅಲ್ಲೇ ನಿಂತಿತು. ದಿನವೂ ಅದನ್ನು ಬಳಿದು ಗೊಬ್ಬರದ ಗುಂಡಿಗೆ ಹಾಕಿದಳು. ಮರಳನ್ನು ತೊಳೆದು ಮತ್ತೆ ಹರವಿದರು. ನೀರು ಇಂಗಿತು, ನೊಣ ಕಡಿಮೆಯಾಯಿತು.

ಪೋಷಕರ ಸಭೆಗೆ ಬಂದ ಶಿಲ್ಪಾ ನೇರವಾಗಿ ಅಡುಗೆಮನೆಯ ಹಿಂದಕ್ಕೆ ಹೋದಳು. ಬಹಳ ಹೊತ್ತು ನಿಂತು ನೋಡಿದಳು. "ಅತ್ತೆ, ನಮ್ ಬಚ್ಚಲಿಗೂ ಇಂಥದ್ದೊಂದು ಮಾಡ್ಕೊಡಿ."

"ಮೊದ್ಲು ನನ್ ಮೊಮ್ಮಗಳನ್ನ ಊಟಕ್ಕೆ ಕಳ್ಸು ಕಣೇ."

"ನಾಳೆಯಿಂದ ಬಾಕ್ಸ್ ಇಲ್ಲ ಬಿಡಿ."

ಮಾರನೆಯ ದಿನ ಬಿಂದುಶ್ರೀ ತಟ್ಟೆ ಒಡ್ಡಿದಳು. "ಅಜ್ಜಿ, ಇನ್ನೊಂದ್ ಸೌಟು." ಬಡಿಸುತ್ತಿದ್ದ ಸಿದ್ದಲಕ್ಷ್ಮಮ್ಮನ ಕಣ್ಣು ಮಂಜಾಯಿತು. ಪಕ್ಕದಲ್ಲಿ ನಿಂತಿದ್ದ ಮೇಡಂಗೆ ಏನೇನೋ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು, "ನೀವೂ ಉಣ್ಣಿ ಮೇಡಂ, ಬಿಸಿ ಇದೆ" ಎಂಬುದಷ್ಟೇ.

ಅಕ್ಕ-ತಂಗಿಯರೇ, ಮಕ್ಕಳ ಶಾಲೆಗೆ ಹೋದಾಗ ಅಡುಗೆಮನೆಯ ಹಿಂದೆಯೂ ಒಮ್ಮೆ ನೋಡಿ ಬನ್ನಿ. ನೀರು ನಿಂತಿದ್ದರೆ ದೂರು ಹೇಳಿ ಹೊರಟುಬಿಡಬೇಡಿ. ನಾಲ್ಕು ಜನ ಸೇರಿದರೆ ಒಂದು ದಿನದ ಕೆಲಸ. ಗುಂಡಿ ಎಲ್ಲಿ ತೋಡಬೇಕೆಂದು ಅಡುಗೆಯಾಕೆಯನ್ನೇ ಕೇಳಿ.