ಆರು ಸಲ ಮೂರು ನಿಮಿಷ

ಆಮಂತ್ರಣ ಪತ್ರಿಕೆಯ ಎರಡನೆಯ ಪುಟದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಹೊಸನಗರದ ಸಾಹಿತ್ಯ ಮೇಳದ ಕಥಾಗೋಷ್ಠಿಯಲ್ಲಿ ನಾಲ್ವರು ಪುರುಷರಿಗೆ ತಲಾ ಇಪ್ಪತ್ತೈದು ನಿಮಿಷ. ಊಟದ ನಂತರದ ಮಹಿಳಾ ಗೋಷ್ಠಿಯಲ್ಲಿ ಆರು ಲೇಖಕಿಯರಿಗೆ ತಲಾ ಮೂರು ನಿಮಿಷ. ಬೆಳಗಿನ ಮೆರವಣಿಗೆಯಲ್ಲಿ ಪೂರ್ಣಕುಂಭ ಹೊರುವವರೂ ನಾವೇ ಆರು ಮಂದಿ. ಅದಕ್ಕೆ ಮಾತ್ರ ಸಮಯದ ಮಿತಿ ಇರಲಿಲ್ಲ.

ನಮ್ಮಲ್ಲಿ ಹಿರಿಯರು ತುಮರಿಯ ಪುಷ್ಪಮ್ಮ, ನಿವೃತ್ತ ಅಂಗನವಾಡಿ ಶಿಕ್ಷಕಿ. ಮೂವತ್ತು ವರ್ಷಗಳಿಂದ ಬರೆಯುತ್ತಿದ್ದರೂ ಯಾವ ವೇದಿಕೆಯಲ್ಲೂ ಅವರ ಒಂದು ಕಥೆಯೂ ಕೊನೆ ಮುಟ್ಟಿರಲಿಲ್ಲ. ಈ ಬಾರಿಯ ಕಥೆಯಲ್ಲಿ, ಜಮೀನಿನ ಪಾಲು ಬಿಟ್ಟುಕೊಡುವ ಪತ್ರವನ್ನು ಅಣ್ಣಂದಿರು ತಂಗಿಯ ಮುಂದಿಡುತ್ತಾರೆ. ಗೋಷ್ಠಿ ನಡೆಸುವ ನಿವೃತ್ತ ಉಪನ್ಯಾಸಕ ಕೃಷ್ಣಪ್ರಸಾದ್ ಅದನ್ನು ಮೊದಲೇ ತರಿಸಿಕೊಂಡಿದ್ದರು. ಓದಿದ್ದು ಕೊನೆಯ ಪುಟವನ್ನು ಮಾತ್ರ ಎಂಬುದು ನಮಗೆ ಆಮೇಲೆ ತಿಳಿಯಿತು.

“ಅವಳು ಸಹಿ ಹಾಕ್ಲಿ ಪುಷ್ಪಮ್ಮನವರೇ, ಸಂಸಾರಸ್ಥರು ಕೂತಿರ್ತಾರೆ. ಇಲ್ಲಾಂದ್ರೆ ಸಾರಾಂಶ ಹೇಳಿ ಮುಗಿಸಿ,” ಎಂದು ಫೋನು ಮಾಡಿದ್ದರಂತೆ.

“ಮೂವತ್ತು ವರ್ಷ ಸಾರಾಂಶನೇ ಹೇಳಿದೀನಿ,” ಎಂದರು ಪುಷ್ಪಮ್ಮ, ಅದೇ ಸಂಜೆ ನಾವು ಆರೂ ಮಂದಿ ಫೋನಿನಲ್ಲಿ ಸೇರಿದ್ದಾಗ.

ತೀರ್ಥಹಳ್ಳಿಯ ಸುಚಿತ್ರಾ ಕೇಳಿದಳು: “ನಮ್ಮ ಮೂರು ನಿಮಿಷದಲ್ಲಿ ಯಾರ ಕಥೆ ಓದ್ಬೇಕು ಅಂತ ಎಲ್ಲೂ ಬರ್ದಿಲ್ವಲ್ಲ?”

ಆರೂ ಮಂದಿಯ ಸಮಯ ಕೂಡಿಸಿದರೆ ಹದಿನೆಂಟು ನಿಮಿಷ; ಪುಷ್ಪಮ್ಮನವರ ಕಥೆ ಅದರಲ್ಲಿ ಪೂರ್ತಿ ಹಿಡಿಯಬಹುದಿತ್ತು.

“ಹಂಗಾರೆ ನಿಮ್ಮ ಕಥೆಗಳು?” ಎಂದರು ಪುಷ್ಪಮ್ಮ.

“ಮುಂದಿನ ಸಲ, ಸರದಿ ಮೇಲೆ,” ಎಂದರು ಸಾಗರದ ಲಕ್ಷ್ಮೀ ಅತ್ತಿಗೆ.

“ತೃಪ್ತಿ, ನೀನೇ ಅಳೆದು ಕೊಡು ಮಾರಾಯ್ತಿ,” ಎಂದರು ಪುಷ್ಪಮ್ಮ. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಅದು ಒಪ್ಪುವ ಹೊಣೆ. ಇಡೀ ಕಥೆಗೆ ಹದಿನೇಳು ನಿಮಿಷ ನಲವತ್ತು ಸೆಕೆಂಡ್ ಹಿಡಿಯಿತು. ವಾಕ್ಯ ಮುರಿಯದಂತೆ ಆರು ಭಾಗ ಮಾಡಿದೆ. ಸುಚಿತ್ರಾ ನಿಧಾನವಾಗಿ ಓದುತ್ತಾಳೆ. ಅವಳ ಭಾಗದಿಂದ ಒಂಬತ್ತು ಸಾಲು ತೆಗೆದು ಅವಳ ನಂತರದವರ ಭಾಗಕ್ಕೆ ಸೇರಿಸಿದೆ. ಕೊನೆಯ ಭಾಗ ಪುಷ್ಪಮ್ಮನವರದು.

ಆ ದಿನ ಕುಂಭ ಇಳಿಸಿ, ಊಟ ಮುಗಿಸಿ ವೇದಿಕೆ ಹತ್ತಿದೆವು. ಕೃಷ್ಣಪ್ರಸಾದರ ಮುಂದೆ ಹಿತ್ತಾಳೆಯ ಗಂಟೆಯಿತ್ತು. ಲಕ್ಷ್ಮೀ ಅತ್ತಿಗೆ ಮೊದಲ ಭಾಗ ಓದಿ ಕುಳಿತರು.

“ಚಿಕ್ಕದಾದರೂ ಚೊಕ್ಕ ಕಥೆ!” ಎಂದು ಕೃಷ್ಣಪ್ರಸಾದ್ ಮೆಚ್ಚಿಕೊಂಡರು.

ಸುಚಿತ್ರಾ ಎದ್ದು, ಲಕ್ಷ್ಮೀ ಅತ್ತಿಗೆ ನಿಲ್ಲಿಸಿದಲ್ಲಿಂದ ಮುಂದುವರಿಸಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ನಮ್ಮ ಗುಂಪಿನ ಹೊಸನಗರದ ಇಬ್ಬರು ಓದುವಷ್ಟರಲ್ಲಿ ಅದು ನಿಂತು, ಊಟದ ಚಪ್ಪರದಲ್ಲಿದ್ದವರೂ ಒಳಗೆ ಬಂದು ಕುಳಿತರು. ನಾನು ಐದನೆಯವಳು. ಪತ್ರ ಮೇಜಿನ ಮೇಲೆ ಬಂದು, ಅಣ್ಣ ಜೇಬಿನಿಂದ ಪೆನ್ನು ತೆಗೆದುಕೊಟ್ಟಲ್ಲಿಗೆ ನನ್ನ ಭಾಗ ಮುಗಿಯಿತು.

ಆಗ ಕೃಷ್ಣಪ್ರಸಾದ್ ಗಂಟೆ ಬಾರಿಸಿ ಎದ್ದರು. “ಸಮಯದ ಅಭಾವದಿಂದ ಗೋಷ್ಠಿಯನ್ನು ಇಲ್ಲಿಗೇ...”

“ಸರ್, ಆರನೆಯವರ ಮೂರು ನಿಮಿಷ ಹಾಗೇ ಇದೆ,” ಎಂದು ನಾನು ಆಮಂತ್ರಣ ಪತ್ರಿಕೆಯನ್ನೂ ಸೆಕೆಂಡ್ ಎಣಿಸುವ ನನ್ನ ಗಡಿಯಾರವನ್ನೂ ಅವರ ಮುಂದಿಟ್ಟೆ.

“ಎಂತ ಹೆದ್ರಿಕೆ ಇಲ್ಲೆ ಕೂಸೆ,” ಎಂದು ಪಕ್ಕದಿಂದ ಲಕ್ಷ್ಮೀ ಅತ್ತಿಗೆ ಪಿಸುಗುಟ್ಟಿದರು.

ಹಿಂದಿನ ಸಾಲಿನಿಂದ ಹೆಂಗಸೊಬ್ಬರ ದನಿ ಬಂತು: “ಓ ಮೇಷ್ಟ್ರೇ, ಅವ್ಳು ಸಹಿ ಹಾಕಿದ್ಲೋ ಇಲ್ವೋ ತಿಳೀದೆ ಹೆಂಗ್ರೀ ಎದ್ದು ಹೋಗದು? ನೀವು ಕೂರಿ ಅತ್ಲಾಗೆ!”

ಸಭೆ ನಕ್ಕಿತು. ಅವರು ಕುಳಿತರು.

ಪುಷ್ಪಮ್ಮ ಕನ್ನಡಕ ಒರೆಸಿಕೊಂಡು ಓದಿದರು, ತಾವು ಬರೆದಂತೆಯೇ. ತಂಗಿ ಪತ್ರವನ್ನು ಪೂರ್ತಿ ಓದಿದಳು. ಪೆನ್ನಿಗೆ ಮುಚ್ಚಳ ಹಾಕಿ ಅಣ್ಣನ ಜೇಬಿಗೇ ಸಿಕ್ಕಿಸಿ, “ನನ್ನ ಗದ್ದೆಗೆ ನೀರು ಬಿಡೋ ಹೊತ್ತಾಯ್ತು,” ಎಂದು ಎದ್ದಳು.

ಗಡಿಯಾರದಲ್ಲಿ ಇನ್ನೂ ಹನ್ನೊಂದು ಸೆಕೆಂಡ್ ಉಳಿದಿತ್ತು. ಪುಷ್ಪಮ್ಮ ಅದನ್ನೂ ಬಿಟ್ಟುಕೊಡಲಿಲ್ಲ. ಹಾಳೆಗಳನ್ನು ಜೋಡಿಸಿಕೊಂಡು, ಮುಗಿಯುವವರೆಗೂ ಮೈಕಿನ ಮುಂದೆಯೇ ನಿಂತಿದ್ದರು.