ಸಾವ್ಕಾರನ ಡ್ರಮ್ಮು

"ಗಟ್ಟಿ ಆಸಿಡ್ಡೇ ಕಬ್ಬಿಣದ ಡ್ರಮ್ಮಿನ್ಯಾಗ ಬೆಕ್ಕಿನಂಗ ಸುಮ್ನ ಕುಂತಿರತದ. ನೀರು ಕೂಡಿಸಿದ ಮ್ಯಾಲ ಅದರಾಗೇನು ಜೀವ ಉಳೀತದ, ಹೇಳು?" ಮಹಾಂತಯ್ಯ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ ನಕ್ಕ. "ಕಾಲೇಜಿಗೆ ಹೋಗೋ ಹುಡುಗಿ ನೀನು. ಅಷ್ಟೂ ತಿಳಿಯಂಗಿಲ್ಲೇನು ಬೇ?"

ಕನಕಮ್ಮನ ಬಾಯಿಗೆ ಬಂದದ್ದೆಲ್ಲ ಇಂಗ್ಲಿಷು. ರಾಯಚೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದ ಅವಳ ನಾಲಿಗೆ ತುದಿಯಲ್ಲಿ ಡಿಸೋಸಿಯೇಶನ್ ಇತ್ತು, ಬೈಸಲ್ಫೇಟ್ ಇತ್ತು. ಮಾನ್ವಿಯ ಈ ತಗಡಿನ ಶೆಡ್ಡಿನಲ್ಲಿ ನಿಂತು ಆಡಬಹುದಾದ ಮಾತು ಮಾತ್ರ ಒಂದೂ ಇರಲಿಲ್ಲ. "ಬೂಟು ಕೊಡಸ್ರಿ ಸಾವ್ಕಾರ್ರೀ," ಎಂದಷ್ಟೇ ಮತ್ತೆ ಹೇಳಿದಳು. "ರಬ್ಬರಿನವು. ಅವ್ವನ ಕಾಲು ನೋಡ್ರಿ."

ಮಹಾಂತಯ್ಯ ನೋಡಲಿಲ್ಲ.

ಅದು ಹತ್ತಿ ಬೀಜ ಬೋಳಿಸುವ ಶೆಡ್ಡು. ಬೀಜದ ಮೈಗಂಟಿದ ನವಿರು ಹೋಗಲೆಂದು ಆಳು ಹನುಮಂತ್ರಾಯ ಗಂಧಕದ ಆಸಿಡ್ ಸುರಿದು ಕಟ್ಟಿಗೆಯಿಂದ ತಿರುವುತ್ತಿದ್ದ. ನವಿರು ಸುಟ್ಟು ಬೀಜ ಕರ್ರಗೆ ಹೊಳೆಯತೊಡಗಿದ ಮೇಲೆ ಹೆಂಗಸರ ಪಾಳಿ. ತೊಟ್ಟಿಯಲ್ಲಿ ನೀರು ಬಿಟ್ಟು, ಸೀರೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ಬೀಜ ತುಳಿದು ತೊಳೆಯಬೇಕು. ಕನಕಮ್ಮನ ಅವ್ವ ದುರುಗಮ್ಮನ ಬೆರಳ ಸಂದುಗಳು ಬಿರಿದು ಒಳಗಿನ ಕೆಂಪು ಕಾಣುತ್ತಿತ್ತು. ಹಿಮ್ಮಡಿಯ ತೊಗಲು ಒದ್ದೆ ಕಾಗದದಂತೆ ಎದ್ದು ಬರುತ್ತಿತ್ತು. ರಾತ್ರಿ ಆಕೆ ಕಾಲನ್ನು ಕೌದಿಯ ಹೊರಗೇ ಇಟ್ಟು ಮಲಗುತ್ತಿದ್ದಳು.

ಊಟದ ಹೊತ್ತಿಗೆ ಬೇವಿನ ಬುಡದಲ್ಲಿ ಕನಕಮ್ಮ ಮತ್ತೊಮ್ಮೆ ಹೆಣಗಿದಳು. "ಗಟ್ಟಿ ಆಸಿಡ್ಡಿನ್ಯಾಗ ಎಲ್ಲಾ ಒಂದನ್ನೊಂದು ಹಿಡಕೊಂಡು ಕುಂತಿರತಾವ ಯವ್ವಾ. ನೀರು ಬಿದ್ದ ಕೂಡ್ಲೇ ಬಿಡಿಬಿಡಿ ಆಗ್ತಾವ. ಒಂದೊಂದರಾಗೂ ಎರಡು ಹೈಡ್ರೋಜನ್. ಮೊದಲಿಂದು ತಡಾ ಇಲ್ಲದ ಬಿಟ್ಟು ಹೋಗ್ತದ. ಎರಡನೇದು ಜಲ್ದಿ ಬಿಡಂಗಿಲ್ಲ. ನೀರು ಹೆಚ್ಚಾದಂಗ ಅದೂ ಬಿಡ್ತದ. ಹಂಗ ಬಿಟ್ಟು ಹೊಂಟಿದ್ದೇ ಕಬ್ಬಿಣ ತಿಂತದ, ನಿನ್ನ ಕಾಲೂ ತಿಂತದ."

ಜೊತೆಗೆ ಬೀಜ ತೊಳೆಯುವ ನೂರ್ ಬೀ ರೊಟ್ಟಿ ಮುರಿಯುತ್ತ ಕಣ್ಣು ಮಿಟುಕಿಸಿದಳು. "ನಮ್ಮ ಮನೀ ಹಕೀಕತ್ತೇ ಹೇಳಿದಿ ನೋಡವ್ವಾ. ಗಂಡ ತಡಾ ಇಲ್ಲದ ಬಿಟ್ಟು ಹೈದರಾಬಾದಿಗೆ ಹೋದ. ಅತ್ತಿ ಮಾತ್ರ ಎಷ್ಟು ನೀರು ಹಾಕಿದ್ರೂ ಬಿಡವಲ್ಲಳು."

ದುರುಗಮ್ಮ ನಗಲಿಲ್ಲ. "ನೀ ಸುಮ್ಕಿರು ಮಗಳ. ಬೂಟು ಬೂಟು ಅಂದ್ರ ನಾಳೆ ಬರಬ್ಯಾಡ ಅಂತಾನ. ಕಾಲು ಬಿರಿದ್ರ ಎಣ್ಣಿ ಹಚ್ಚಬಹುದು, ಕೆಲಸ ಹೋದ್ರ ಏನು ಹಚ್ಚಲಿ?"

ಕನಕಮ್ಮ ಎದ್ದಳು. ಚಹದ ಅಂಗಡಿಯಿಂದ ಎರಡು ಗಾಜಿನ ಲೋಟ ತಂದಳು, ದಾರಿಯಲ್ಲಿ ಬಡಗಿಯ ಹತ್ತಿರ ಎರಡು ಮೊಳೆ ಬೇಡಿದಳು. ಒಣಗಿದ ಒಂದು ಲೋಟಕ್ಕೆ ಹನುಮಂತ್ರಾಯನಿಂದ ಗಟ್ಟಿ ಆಸಿಡ್ ಹಾಕಿಸಿ, ಇನ್ನೊಂದಕ್ಕೆ ತೊಟ್ಟಿಯ ನೀರನ್ನೇ ತುಂಬಿಸಿ, ಮಹಾಂತಯ್ಯನ ಮುಂದಿಟ್ಟು ಮೊಳೆ ಬಿಟ್ಟಳು. ಗಟ್ಟಿ ಆಸಿಡ್ಡಿನ ಮೊಳೆ ಮಲಗಿದಂತೆ ಮಲಗಿತ್ತು. ತೆಳ್ಳನೆಯ ನೀರಿನ ಮೊಳೆಗೆ ಸಣ್ಣ ಗುಳ್ಳೆಗಳು ಮುತ್ತಿಕೊಂಡವು. ಒಂದರ ಹಿಂದೊಂದು ಮೇಲೆದ್ದು ಒಡೆದವು. ಹೆಂಗಸರು ಸುತ್ತಲೂ ಬಗ್ಗಿ ನಿಂತರು. ನೂರ್ ಬೀ ತನ್ನ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

ಮಹಾಂತಯ್ಯನ ದವಡೆ ನಿಂತಿತು. ಲೋಟದಿಂದ ಕಣ್ಣು ಕಿತ್ತು ಶೆಡ್ಡಿನ ಮೂಲೆಗೆ ನೋಡಿದ. ತೊಳೆದ ನೀರು ತನ್ನ ಬೆಳೆಗೆ ಹರಿಯುತ್ತದೆಂದು ಬದಿಯ ಹೊಲದವನು ತಕರಾರು ತೆಗೆದಿದ್ದಕ್ಕೆ, ತೊಟ್ಟಿಯ ನೀರನ್ನು ಬೆಳಗಿನಿಂದ ಖಾಲಿ ಕಬ್ಬಿಣದ ಡ್ರಮ್ಮಿಗೆ ತುಂಬಿಸುತ್ತಿದ್ದ. ಆಸಿಡ್ ಕೊಟ್ಟವರಿಗೆ ವಾಪಸು ಕಳಿಸಬೇಕಾದ ಡ್ರಮ್ಮು ಅದು. ಹೋಗಿ ಕಿವಿಗೊಟ್ಟ. ಒಳಗೆ ಎಣ್ಣೆಯಲ್ಲಿ ಸಾಸಿವೆ ಹಾಕಿದಂಥ ಸದ್ದು.

"ಲೇ ಹನುಮಂತ್ರಾಯ, ಎಲ್ಲಾ ಬಿಟ್ಟು ಬಾರಲೇ. ಮೊದಲು ಇದನ್ನ ಖಾಲಿ ಮಾಡು." ಆಮೇಲೆ ಕನಕಮ್ಮನತ್ತ ತಿರುಗಿದ. "ಶಾಣ್ಯಾಕಿ ಇದ್ದೀ ಬೇ. ಓದಿದ್ದು ಸುಳ್ಳಾಗಲಿಲ್ಲ."

"ಬೂಟು, ಸಾವ್ಕಾರ್ರೀ?"

"ನೋಡಮು, ನೋಡಮು."

ಆ ಸಂಜೆ ರಾಯಚೂರಿನ ಬಸ್ಸಿನಲ್ಲಿ ಕನಕಮ್ಮ ಕಿಟಕಿಗೆ ತಲೆಯಾನಿಸಿ ತನ್ನಷ್ಟಕ್ಕೆ ನಕ್ಕಿದ್ದಳು. ಹಾಸ್ಟೆಲ್ಲಿನ ಗೆಳತಿಯರಿಗೆ ಮೊಳೆಯ ಕಥೆಯನ್ನು ಮತ್ತೆ ಮತ್ತೆ ಹೇಳಿದಳು. ಸಾವ್ಕಾರ ಡ್ರಮ್ಮಿಗೆ ಕಿವಿ ಹಚ್ಚಿದ್ದನ್ನು ಮಾಡಿ ತೋರಿಸಿದಳು.

ಮುಂದಿನ ಐತವಾರ ಬಂದಾಗ ಶೆಡ್ಡಿನ ಹೊರಗೆ ಹೊಸ ಸಿಮೆಂಟಿನ ಗುಂಡಿಯಿತ್ತು. ತೊಳೆದ ನೀರು ಸೀದಾ ಅದಕ್ಕೇ ಹರಿಯುತ್ತಿತ್ತು. ಡ್ರಮ್ಮನ್ನು ಒಳಗೂ ಹೊರಗೂ ಒರೆಸಿ, ನೆಲದ ಪಸೆ ತಾಗದಂತೆ ಇಟ್ಟಿಗೆಗಳ ಮೇಲೆ ಕೂರಿಸಿ, ಮೇಲೆ ಗೋಣಿತಟ್ಟು ಹೊದಿಸಿದ್ದರು.

ಹೆಂಗಸರು ಬರಿಗಾಲಿನಲ್ಲೇ ಇದ್ದರು.

"ಬೂಟು ಎಲ್ಲಿ ಯವ್ವಾ?"

ದುರುಗಮ್ಮ ಗೂಟಕ್ಕೆ ತೂಗುಹಾಕಿದ್ದ ಕಾಗದದ ಪೊಟ್ಟಣ ಬಿಚ್ಚಿದಳು. ಎರಡು ಬಾಳೆಹಣ್ಣು, ಕಪ್ಪಾಗಿದ್ದವು. "ಸಾವ್ಕಾರ ಕೊಟ್ಟಾನ. ನಿನ್ನ ಮಗಳಿಂದ ಡ್ರಮ್ ಉಳೀತು, ಆಕೀಗೆ ಕೊಡು ಅಂದ. ನೀ ಬರೋತನ ಇಟ್ಟಿದ್ದೆ. ತಿನ್ನು."

ಕನಕಮ್ಮ ಹಣ್ಣು ಹಿಡಿದು ನಿಂತಳು. ಒಳಗಿನಿಂದ ಯಾರೋ ನೀರು ಬಿಟ್ಟರು. ದುರುಗಮ್ಮ ಸೀರೆ ಎತ್ತಿ ಕಟ್ಟಿದಳು. ತೊಟ್ಟಿಗೆ ಒಂದು ಕಾಲಿಟ್ಟು, ಕಟ್ಟೆ ಹಿಡಿದು, ಹಲ್ಲು ಕಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಇನ್ನೊಂದನ್ನೂ ಇಟ್ಟಳು. ಗೋಣಿತಟ್ಟಿನ ನೆರಳಿನಲ್ಲಿ ಡ್ರಮ್ಮು ಒಣಗಿಕೊಂಡು ಕೂತಿತ್ತು.